ಗಾಳಿ ಸೇರಿದ ಚಳಿ: ವಿಂಡ್ ಚಿಲ್ ಓದುವುದು ಹೇಗೆ, ಮೈ ಕಾಪಾಡಿಕೊಳ್ಳುವುದು ಹೇಗೆ

ಚಳಿಗಾಲದಲ್ಲಿ ಹವಾಮಾನದ ಆ್ಯಪ್ ತೆರೆದರೆ ಎರಡು ಸಂಖ್ಯೆ ಕಾಣುತ್ತವೆ. ಮೇಲೆ ದಪ್ಪ ಅಕ್ಷರದಲ್ಲಿ ತಾಪಮಾನ, ಮೈನಸ್ 10 ಎಂದಿಟ್ಟುಕೊಳ್ಳಿ. ಅದರ ಕೆಳಗೆ ಚಿಕ್ಕದಾಗಿ ‘ಫೀಲ್ಸ್ ಲೈಕ್ ಮೈನಸ್ 20’. ಹೆಚ್ಚಿನವರು ಮೇಲಿನದನ್ನು ನೋಡಿ ಜಾಕೆಟ್ ಹಾಕಿಕೊಂಡು ಹೊರಟುಬಿಡುತ್ತಾರೆ. ಇನ್ನು ಕೆಲವರು ಕೆಳಗಿನದನ್ನು ನೋಡಿ ಗಾಬರಿಯಾಗುತ್ತಾರೆ. ಎರಡು ಸಂಖ್ಯೆಯೂ ನಿಜವೇ. ಆದರೆ ಅವು ಹೇಳುವ ವಿಷಯ ಬೇರೆ ಬೇರೆ. ಮೊದಲನೆಯದು ಗಾಳಿಯಲ್ಲಿ ಎಷ್ಟು ಬಿಸಿ ಇದೆ ಎಂದು ಹೇಳುತ್ತದೆ. ಎರಡನೆಯದರ ಹಿಂದೆ ಇರುವುದು ಮುಖ್ಯವಾಗಿ ವಿಂಡ್ ಚಿಲ್ ಲೆಕ್ಕ. ನಿಮ್ಮ ಬರಿ ಚರ್ಮದಿಂದ ಬಿಸಿ ಎಷ್ಟು ಬೇಗ ಹೊರಟುಹೋಗುತ್ತದೆ ಎಂಬುದನ್ನು ಅದು ಹೇಳುತ್ತದೆ.

ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು. ವಿಂಡ್ ಚಿಲ್ ಸಂಖ್ಯೆಯನ್ನು ಡಿಗ್ರಿ ಎಂದು ಓದಬೇಡಿ, ಸಮಯ ಎಂದು ಓದಿ. ‘ಎಷ್ಟು ಚಳಿ ಇದೆ’ ಎಂಬುದಕ್ಕಿಂತ ‘ಮುಖ, ಕೈ ಮುಚ್ಚದೆ ಎಷ್ಟು ಹೊತ್ತು ಇರಬಹುದು’ ಎಂಬುದಕ್ಕೆ ಅದು ಸರಿಯಾದ ಉತ್ತರ ಕೊಡುತ್ತದೆ.

ಗಾಳಿ ಬೀಸಿದರೆ ಆಗುವುದೇನು

ನಮ್ಮ ಮೈ ಸದಾ ಬಿಸಿ ಬಿಡುತ್ತಲೇ ಇರುತ್ತದೆ. ಗಾಳಿ ಅಲುಗಾಡದೆ ಇದ್ದರೆ ಆ ಬಿಸಿಯಿಂದ ಚರ್ಮಕ್ಕೆ ಅಂಟಿಕೊಂಡಂತೆ ಬೆಚ್ಚನೆಯ ಗಾಳಿಯ ತೆಳು ಪದರ ನಿಲ್ಲುತ್ತದೆ. ದಪ್ಪ ಕೆಲವೇ ಮಿಲಿಮೀಟರ್, ಆದರೂ ಅದೊಂದು ಹೊದಿಕೆ. ಗಾಳಿ ಬೀಸಿದಾಗ ಈ ಪದರ ಕಿತ್ತುಹೋಗುತ್ತದೆ. ಮೈ ಮತ್ತೆ ಬಿಸಿ ಮಾಡುತ್ತದೆ, ಗಾಳಿ ಮತ್ತೆ ಒಯ್ಯುತ್ತದೆ. ಬಿಸಿ ಕಾಫಿಯನ್ನು ಊದಿ ಆರಿಸುವುದು ಇದೇ ಲೆಕ್ಕದಲ್ಲಿ.

ಕಾಫಿಯನ್ನು ಎಷ್ಟೇ ಊದಿದರೂ ಅದು ಕೋಣೆಯ ಗಾಳಿಗಿಂತ ಬಹಳ ತಣ್ಣಗಾಗಿ ಐಸ್ ಆಗುವುದಿಲ್ಲ, ಅಲ್ವಾ? ಹಾಗೆಯೇ ಗಾಳಿ ಯಾವ ಒಣ ವಸ್ತುವನ್ನೂ ಸುತ್ತಲಿನ ತಾಪಮಾನಕ್ಕಿಂತ ಕೆಳಗೆ ಇಳಿಸಲಾರದು. ತಾಪಮಾನ 2 ಡಿಗ್ರಿ, ವಿಂಡ್ ಚಿಲ್ ಮೈನಸ್ 4 ಎಂದಿದ್ದರೆ ನಲ್ಲಿಯ ಪೈಪ್ ಹೆಪ್ಪುಗಟ್ಟುವುದಿಲ್ಲ. ಕಾರಿನ ರೇಡಿಯೇಟರ್ ಕೂಡ 2 ಡಿಗ್ರಿಯವರೆಗೆ ಬೇಗ ತಣಿಯುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಪೈಪ್, ಬ್ಯಾಟರಿ, ರಸ್ತೆಯ ಮೇಲಿನ ನೀರು ಇವುಗಳ ಬಗ್ಗೆ ಯೋಚಿಸುವಾಗ ಮೇಲಿನ ಸಂಖ್ಯೆ ನೋಡಿ. ನಿಮ್ಮ ಮುಖ, ಮೂಗು, ಕಿವಿ, ಬೆರಳಿನ ಬಗ್ಗೆ ಯೋಚಿಸುವಾಗ ಕೆಳಗಿನದು.

ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ತಾಪಮಾನ ಸೊನ್ನೆಗಿಂತ ಮೇಲಿದ್ದರೆ, ವಿಂಡ್ ಚಿಲ್ ಮೈನಸ್ ತೋರಿಸಿದರೂ ಚರ್ಮ ಹೆಪ್ಪುಗಟ್ಟುವುದಿಲ್ಲ. ಅಂದರೆ ಫ್ರಾಸ್ಟ್‌ಬೈಟ್ ಆಗುವುದಿಲ್ಲ. ಆದರೆ ಮೈಯ ಒಳಗಿನ ಕಾವು ಕುಸಿಯುವ ಹೈಪೋಥರ್ಮಿಯಾ ಆಗಲು ಸೊನ್ನೆಯೇ ಬೇಕೆಂದಿಲ್ಲ. 8 ಡಿಗ್ರಿ, ಮಳೆ, ಗಾಳಿ ಮೂರೂ ಸೇರಿದರೆ ಸಾಕು.

ಈ ಲೆಕ್ಕ ಎಲ್ಲಿಂದ ಬಂತು

ವಿಂಡ್ ಚಿಲ್ ಲೆಕ್ಕ ಹುಟ್ಟಿದ್ದು ಅಂಟಾರ್ಕ್ಟಿಕಾದಲ್ಲಿ. ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು 1940ರ ದಶಕದ ಆರಂಭದಲ್ಲಿ ಅಲ್ಲಿನ ಶಿಬಿರದಲ್ಲಿದ್ದರು. ಒಂದು ಸಣ್ಣ ಪ್ಲಾಸ್ಟಿಕ್ ಸಿಲಿಂಡರಿನಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿದರು. ಒಳಗಿನ ನೀರು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಬೇರೆ ಬೇರೆ ಚಳಿಯಲ್ಲಿ, ಬೇರೆ ಬೇರೆ ಗಾಳಿಯಲ್ಲಿ ಅಳೆದರು. ಅವರ ವರದಿ 1945ರಲ್ಲಿ ಹೊರಬಂತು. ಮುಂದಿನ ಅರ್ಧ ಶತಮಾನ ಜಗತ್ತು ಇದೇ ಅಳತೆಯನ್ನು ನೆಚ್ಚಿಕೊಂಡಿತ್ತು.

ತೊಂದರೆ ಏನೆಂದರೆ, ಪ್ಲಾಸ್ಟಿಕ್ ಸಿಲಿಂಡರಿಗೆ ಚರ್ಮವಿಲ್ಲ, ಒಳಗಿಂದ ಬಿಸಿ ತಂದುಕೊಡುವ ರಕ್ತವಿಲ್ಲ. ಹಾಗಾಗಿ ಆ ಲೆಕ್ಕ ಚಳಿಯನ್ನು ಇರುವುದಕ್ಕಿಂತ ಜಾಸ್ತಿ ಮಾಡಿ ತೋರಿಸುತ್ತಿತ್ತು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ ಹೊಸ ಸೂತ್ರ ತಂದವು. ಟೊರಾಂಟೊದಲ್ಲಿ ತಣ್ಣನೆಯ ಗಾಳಿಸುರಂಗದೊಳಗೆ ಸ್ವಯಂಸೇವಕರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಅವರ ಮುಖಕ್ಕೆ ಸೆನ್ಸರ್ ಅಂಟಿಸಿ ಅಳತೆ ಮಾಡಿದರು. ಈಗ ನೀವು ನೋಡುವ ಸಂಖ್ಯೆ ಮನುಷ್ಯರ ಕೆನ್ನೆಯಿಂದ ಬಂದದ್ದು. ಕೆನಡಾದ ಹವಾಮಾನ ಸಂಸ್ಥೆ ಈ ಸಂಖ್ಯೆಯ ಮುಂದೆ ಡಿಗ್ರಿ ಚಿಹ್ನೆಯನ್ನೇ ಹಾಕುವುದಿಲ್ಲ. ಇದು ತಾಪಮಾನವಲ್ಲ ಎಂದು ಜನರಿಗೆ ನೆನಪಿರಲಿ ಎಂಬುದಕ್ಕೆ. ನನಗೆ ಇದು ತುಂಬಾ ಸರಿಯಾದ ಪದ್ಧತಿ ಎನಿಸುತ್ತದೆ.

ಹಂತ 1: ಸಂಖ್ಯೆಯನ್ನು ಸಮಯಕ್ಕೆ ಬದಲಿಸಿ

ಸೂತ್ರ ಅನ್ವಯವಾಗುವುದು ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದು, ಗಾಳಿ ಗಂಟೆಗೆ ಸುಮಾರು 5 ಕಿಲೋಮೀಟರಿಗಿಂತ ಜಾಸ್ತಿ ಇದ್ದಾಗ. ಮೊದಲು ಕೆಲವು ಅಂದಾಜು ನೋಡಿ.

- ತಾಪಮಾನ 5 ಡಿಗ್ರಿ, ಗಾಳಿ 30 ಕಿ.ಮೀ.: ವಿಂಡ್ ಚಿಲ್ 0
- ತಾಪಮಾನ 0, ಗಾಳಿ 20 ಕಿ.ಮೀ.: ಮೈನಸ್ 5
- ತಾಪಮಾನ ಮೈನಸ್ 10, ಗಾಳಿ 30 ಕಿ.ಮೀ.: ಸುಮಾರು ಮೈನಸ್ 20
- ತಾಪಮಾನ ಮೈನಸ್ 20, ಗಾಳಿ 30 ಕಿ.ಮೀ.: ಸುಮಾರು ಮೈನಸ್ 33

ಈಗ ಇದನ್ನು ಸಮಯಕ್ಕೆ ತಿರುಗಿಸಿ. ವಿಂಡ್ ಚಿಲ್ ಮೈನಸ್ 28ರಿಂದ ಮೈನಸ್ 39ರ ನಡುವೆ ಇದ್ದರೆ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40ರಿಂದ 47ಕ್ಕೆ ಬಂದರೆ 5ರಿಂದ 10 ನಿಮಿಷ. ಮೈನಸ್ 48ರಿಂದ 54 ಇದ್ದರೆ 2ರಿಂದ 5 ನಿಮಿಷ. ಮೈನಸ್ 55 ದಾಟಿದರೆ ಎರಡು ನಿಮಿಷವೂ ಇಲ್ಲ. ಬಸ್ಸಿಗೆ ಕಾಯಬೇಕಾದದ್ದು 15 ನಿಮಿಷ, ವಿಂಡ್ ಚಿಲ್ ಮೈನಸ್ 33 ಎಂದರೆ ಕೈಗವಸು ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಲದು ಎಂದು ಆಗ ತಾನೇ ಗೊತ್ತಾಗುತ್ತದೆ. ಸಂಖ್ಯೆ ಮೈನಸ್ 28ಕ್ಕೆ ಇಳಿದಿಲ್ಲ ಎಂದ ಮಾತ್ರಕ್ಕೆ ಇಡೀ ದಿನ ಬರಿಗೈಯಲ್ಲಿ ಇರಬಹುದು ಎಂದಲ್ಲ. ಹೊತ್ತು ಜಾಸ್ತಿಯಾದಂತೆ ಅಪಾಯ ಏರುತ್ತಲೇ ಹೋಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಗಾಳಿಯ ಹೊಡೆತ ಒಂದೇ ಸಮನೆ ಏರುವುದಿಲ್ಲ. ತಾಪಮಾನ ಸೊನ್ನೆ ಇದ್ದಾಗ 10 ಕಿ.ಮೀ. ಗಾಳಿಗೆ ವಿಂಡ್ ಚಿಲ್ ಮೈನಸ್ 3, 20ಕ್ಕೆ ಮೈನಸ್ 5, 40ಕ್ಕೆ ಮೈನಸ್ 7. ಗಾಳಿ ನಾಲ್ಕು ಪಟ್ಟಾದರೂ ಸಂಖ್ಯೆ ನಾಲ್ಕೇ ಇಳಿಯಿತು. ಅಂದರೆ ಮೊದಲ ಸಣ್ಣ ಗಾಳಿಯೇ ನಿಮ್ಮಿಂದ ಹೆಚ್ಚು ಬಿಸಿ ಕಿತ್ತುಕೊಳ್ಳುತ್ತದೆ. ‘ಇವತ್ತು ಗಾಳಿ ಅಷ್ಟೇನಿಲ್ಲ’ ಎನ್ನುವ ದಿನಗಳಲ್ಲೇ ಜನ ಮೈಮರೆಯುವುದು.

ಆ್ಯಪ್ ಇಲ್ಲದಿದ್ದರೂ ಗಾಳಿಯನ್ನು ಅಂದಾಜು ಮಾಡಬಹುದು. ಮುಖಕ್ಕೆ ಗಾಳಿ ತಾಗಿದ್ದು ಗೊತ್ತಾಗುತ್ತಿದ್ದರೆ 10 ಕಿ.ಮೀ. ಸಣ್ಣ ಬಾವುಟ ಬಿಚ್ಚಿಕೊಂಡು ನಿಂತರೆ 20. ನೆಲದ ಮೇಲಿನ ಕಾಗದ ಎದ್ದು ಹಾರಿದರೆ 30. ಸಣ್ಣ ಮರಗಳು ತೂಗಾಡತೊಡಗಿದರೆ 40. ದೊಡ್ಡ ಕೊಂಬೆಗಳೇ ಅಲುಗಿದರೆ 50.

ಹಂತ 2: ಸಂಖ್ಯೆಯಲ್ಲಿ ಇಲ್ಲದ್ದನ್ನು ನೀವೇ ಸೇರಿಸಿಕೊಳ್ಳಿ

ಈ ಸೂತ್ರ ಒಂದು ನಿರ್ದಿಷ್ಟ ಸ್ಥಿತಿಯನ್ನು ಊಹಿಸಿಕೊಂಡಿದೆ. ನೀವು ಬಯಲಿನಲ್ಲಿದ್ದೀರಿ, ನಡೆಯುತ್ತಿದ್ದೀರಿ, ಬಿಸಿಲಿಲ್ಲ, ಮುಖ ಒಣಗಿದೆ. ವಾಸ್ತವ ಇದಕ್ಕಿಂತ ಬೇರೆ ಇದ್ದಾಗ ಲೆಕ್ಕವೂ ಬದಲಾಗುತ್ತದೆ.

ಒಳ್ಳೆಯ ಬಿಸಿಲಿದ್ದರೆ ಚಳಿ ಸ್ವಲ್ಪ ಕಡಿಮೆ ಎನಿಸುತ್ತದೆ, ನಿಜ. ಆದರೆ ಮೋಡ ಅಡ್ಡ ಬಂದ ಕೂಡಲೇ ಅಥವಾ ಸಂಜೆಯಾದ ಕೂಡಲೇ ಆ ಲಾಭ ಹೋಯಿತು. ಬಿಸಿಲನ್ನು ನಂಬಿ ಒಂದು ಪದರ ಬಟ್ಟೆ ಮನೆಯಲ್ಲಿ ಬಿಟ್ಟುಬರಬೇಡಿ.

ನಿಮ್ಮ ವೇಗವೂ ಗಾಳಿಯೇ. ಬೈಕ್, ಸೈಕಲ್, ಓಟ, ಹಿಮದ ಮೇಲೆ ಜಾರುವ ಆಟ ಯಾವುದಾದರೂ ಸರಿ. ಎಲೆ ಅಲುಗದ ಮುಂಜಾನೆ, ತಾಪಮಾನ 10 ಡಿಗ್ರಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಓಡಿಸುವವರ ಬರಿಗೈಗೆ ಅದು 5ರ ಸುತ್ತಮುತ್ತ. ಎದುರುಗಾಳಿಯಿದ್ದರೆ ಇನ್ನೂ ಕೆಳಗೆ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲು ತಡವಾಗುತ್ತದೆ, ಅದು ಚಳಿಗಿಂತ ದೊಡ್ಡ ಅಪಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ತೇವ. ಸಂಖ್ಯೆ ಒಣ ಮುಖಕ್ಕೆ ಮಾತ್ರ. ಬೆವರಿದ ಬನಿಯನ್, ಮಳೆಗೆ ನೆನೆದ ಪ್ಯಾಂಟ್, ಹಿಮ ಕರಗಿ ಒದ್ದೆಯಾದ ಕಾಲುಚೀಲ, ಇದ್ಯಾವುದೂ ಆ ಲೆಕ್ಕದಲ್ಲಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿಯನ್ನು ಸಾಗಿಸುತ್ತದೆ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದರೆ ನೀರು ಆವಿಯಾಗುತ್ತಾ ಮತ್ತಷ್ಟು ಕಾವು ಎಳೆದುಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ, ಒಣಗಿದ ಮೈನಸ್ 15ಕ್ಕಿಂತ ಒದ್ದೆಯಾದ 3 ಡಿಗ್ರಿಗೆ ಜಾಸ್ತಿ ಹೆದರಬೇಕು. ಮೈನಸ್ 15ಕ್ಕೆ ಎಲ್ಲರೂ ತಯಾರಾಗಿ ಹೋಗುತ್ತಾರೆ. 3 ಡಿಗ್ರಿಗೆ ಯಾರೂ ಆಗುವುದಿಲ್ಲ.

ಲೋಹ ಮತ್ತು ಪೆಟ್ರೋಲ್ ಕೂಡ ಈ ಲೆಕ್ಕದ ಹೊರಗೆ. ಮೈನಸ್ 20ರಲ್ಲಿ ಕಬ್ಬಿಣದ ಹಿಡಿಯನ್ನು ಬರಿಗೈಯಲ್ಲಿ ಹಿಡಿದರೆ ಕ್ಷಣದಲ್ಲೇ ಚರ್ಮಕ್ಕೆ ಏಟು ಬೀಳಬಹುದು. ಪೆಟ್ರೋಲ್ ಆ ಚಳಿಯಲ್ಲೂ ದ್ರವವಾಗಿಯೇ ಇರುತ್ತದೆ, ಸುತ್ತಲಿನಷ್ಟೇ ತಣ್ಣಗಿರುತ್ತದೆ. ಕೈಮೇಲೆ ಚೆಲ್ಲಿದರೆ ಚರ್ಮ ತಕ್ಷಣ ಹೆಪ್ಪುಗಟ್ಟಬಹುದು.

ಹಂತ 3: ಬಟ್ಟೆ ಹಾಕಿಕೊಳ್ಳುವ ಕ್ರಮ

ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ವಾಸಿ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದು. ಬೇಕಾದಾಗ ಒಂದನ್ನು ಕಳಚಲೂಬಹುದು.

ಮೈಗೆ ತಾಗುವ ಒಳಪದರ ಬೆವರನ್ನು ಹೊರಕ್ಕೆ ಎಳೆಯುವಂಥದ್ದಾಗಿರಲಿ. ಥರ್ಮಲ್ ಅಥವಾ ತೆಳು ಉಣ್ಣೆ ಒಳ್ಳೆಯದು. ಹತ್ತಿ ಬನಿಯನ್ ಬೇಡವೇ ಬೇಡ. ಹತ್ತಿ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಜೀನ್ಸ್‌ಗೂ ಇದೇ ಮಾತು. ನಡುವೆ ಉಣ್ಣೆ ಅಥವಾ ಫ್ಲೀಸ್. ಉಣ್ಣೆ ಸ್ವಲ್ಪ ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸುತ್ತದೆ. ಹೊರಗಿನದು ಗಾಳಿ ತಡೆಯಬೇಕು, ನೀರು ತಡೆಯಬೇಕು. ಹೆಣೆದ ಸ್ವೆಟರ್ ಎಷ್ಟೇ ದಪ್ಪ ಇದ್ದರೂ ಗಾಳಿ ಅದರ ತೂತುಗಳಿಂದ ಒಳಗೆ ನುಗ್ಗುತ್ತದೆ. ಅದರ ಮೇಲೆ ತೆಳ್ಳಗಿನ ವಿಂಡ್‌ಚೀಟರ್ ಹಾಕಿದರೂ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಕೈಗೆ, ಐದು ಬೆರಳಿಗೂ ಬೇರೆ ಬೇರೆ ಗೂಡಿರುವ ಗ್ಲೌಸ್‌ಗಿಂತ, ನಾಲ್ಕು ಬೆರಳೂ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಬೆರಳುಗಳು ಒಂದಕ್ಕೊಂದು ತಾಗಿ ಬಿಸಿ ಹಂಚಿಕೊಳ್ಳುತ್ತವೆ. ಫೋನ್ ಮುಟ್ಟಲು, ಬೀಗ ತೆಗೆಯಲು ಬೆರಳು ಬೇಕೇ ಬೇಕು ಎನ್ನುವವರು ಒಳಗೆ ತೆಳು ಗ್ಲೌಸ್, ಮೇಲೆ ಮಿಟನ್ ಹಾಕಿಕೊಳ್ಳಬಹುದು. ಮಿಟನ್ ತೆಗೆದರೂ ಬರಿಗೈ ಆಗುವುದಿಲ್ಲ.

ಬೂಟಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಚಳಿ ಜಾಸ್ತಿ ಎಂದು ಎರಡು, ಮೂರು ಜೊತೆ ಕಾಲುಚೀಲ ಹಾಕಿ ಬಿಗಿಯಾದ ಬೂಟಿನೊಳಗೆ ಕಾಲು ತುರುಕುತ್ತಾರೆ. ರಕ್ತ ಓಡಾಡಲು ಜಾಗವಿಲ್ಲ, ಗಾಳಿ ನಿಲ್ಲಲೂ ಜಾಗವಿಲ್ಲ. ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಬೂಟಿನೊಳಗೆ ಬೆರಳು ಆಡಿಸಿ ನೋಡಿ. ಆಡದಿದ್ದರೆ ಒಂದು ಕಾಲುಚೀಲ ತೆಗೆಯಿರಿ.

ತಲೆಯಿಂದಲೇ ಅರ್ಧ ಬಿಸಿ ಹೋಗುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಸರಿಯಲ್ಲ. ಮೈಯ ಚರ್ಮದಲ್ಲಿ ತಲೆಯ ಪಾಲು ಶೇಕಡಾ 10ರ ಆಸುಪಾಸು, ಹೋಗುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಹಾಗೆಂದು ಟೋಪಿ ಬಿಡಬೇಡಿ. ಉಳಿದ ಮೈಯೆಲ್ಲ ಮುಚ್ಚಿ ತಲೆ ಮಾತ್ರ ಬಿಟ್ಟರೆ ಬಿಸಿ ಹೋಗಲು ಇರುವ ದೊಡ್ಡ ದಾರಿ ಅದೇ. ಕಿವಿಯಂತೂ ಮೊದಲು ಹೆಪ್ಪುಗಟ್ಟುವ ಜಾಗ. ಓಲೆ, ಮೂಗುಬೊಟ್ಟು, ಲೋಹದ ಫ್ರೇಮಿನ ಕನ್ನಡಕ ಇವು ತಾಗಿದ ಕಡೆ ಚಳಿ ಬೇಗ ಹಿಡಿಯುತ್ತದೆ. ತೀವ್ರ ಚಳಿಗೆ ಹೊರಡುವ ಮುನ್ನ ಓಲೆ, ಮೂಗುಬೊಟ್ಟು ತೆಗೆದಿಡುವುದು ಒಳ್ಳೆಯದು. ಮುಖಕ್ಕೆ ಕ್ರೀಮ್ ದಪ್ಪಗೆ ಹಚ್ಚಿದರೆ ಸಾಕು ಎಂದುಕೊಳ್ಳಬೇಡಿ. ಅದು ಒಡೆದ ಚರ್ಮಕ್ಕೆ ಔಷಧಿ, ಫ್ರಾಸ್ಟ್‌ಬೈಟ್‌ಗೆ ತಡೆಯಲ್ಲ. ಮಫ್ಲರ್‌ ಅನ್ನು ಮೂಗಿನ ಮೇಲೆ ಸುತ್ತಿಕೊಳ್ಳಿ. ಉಬ್ಬಸ ಇರುವವರಿಗೆ ಇದರಿಂದ ಇನ್ನೊಂದು ಲಾಭ, ಒಳಗೆ ಹೋಗುವ ಗಾಳಿ ಸ್ವಲ್ಪ ಬೆಚ್ಚಗಾಗಿರುತ್ತದೆ.

ಹಂತ 4: ಹೊರಗಿರುವಾಗ

ಹೊರಟ ಮೊದಲ ಐದು ನಿಮಿಷ ಸ್ವಲ್ಪ ಚಳಿ ಎನಿಸಬೇಕು. ಹೊರಡುವಾಗಲೇ ಬೆಚ್ಚಗಿದ್ದರೆ ನಡೆಯುತ್ತಾ ಬೆವರುತ್ತೀರಿ. ಬೆವರುವ ಮೊದಲೇ ಜಿಪ್ ಇಳಿಸಿ, ಟೋಪಿ ತೆಗೆಯಿರಿ, ನಿಧಾನಿಸಿ. ನಿಂತ ಕೂಡಲೇ ಮತ್ತೆ ಮುಚ್ಚಿಕೊಳ್ಳಿ. ‘ಚಳಿ ಆದಾಗ ಹಾಕಿಕೊಂಡರಾಯಿತು’ ಎಂದು ಕಾಯುವುದು ತಪ್ಪು. ಹೋದ ಬಿಸಿಯನ್ನು ಮತ್ತೆ ಗಳಿಸುವುದು ಕಷ್ಟ, ಇರುವುದನ್ನು ಉಳಿಸಿಕೊಳ್ಳುವುದು ಸುಲಭ.

ಹೋಗಿಬರುವ ದಾರಿಯಾದರೆ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿ ಬೆನ್ನಿಗಿರಲಿ. ದಣಿದು, ಬೆವರಿ ಬರುವ ಹೊತ್ತಿಗೆ ಮುಖಕ್ಕೆ ಗಾಳಿ ಹೊಡೆಯುವುದು ತಪ್ಪುತ್ತದೆ. ನಿಲ್ಲಬೇಕಾದರೆ ಗೋಡೆಯ ಮರೆ, ಮರದ ಮರೆ ಹುಡುಕಿ. ತಾಪಮಾನವನ್ನು ಬದಲಿಸಲು ನಮ್ಮಿಂದಾಗದು. ಗಾಳಿಯಿಂದ ತಪ್ಪಿಸಿಕೊಳ್ಳಲು ಎಷ್ಟೋ ಸಲ ಹತ್ತು ಹೆಜ್ಜೆ ಸಾಕು.

ಆಗಾಗ ತಿನ್ನಿ, ಕುಡಿಯಿರಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ನೀರು ಕಡಿಮೆಯಾಗುತ್ತಲೇ ಇರುತ್ತದೆ. ಮದ್ಯ ಮಾತ್ರ ಬೇಡ. ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮೈ ಬೆಚ್ಚಗಾದಂತೆ ಅನಿಸುತ್ತದೆ. ಒಳಗಿನ ಬಿಸಿ ಹೊರಗೆ ಬಂದು ಗಾಳಿಗೆ ಹೋಗುತ್ತಿದೆ ಎಂಬುದೇ ಆ ‘ಬೆಚ್ಚಗೆ’. ಸಿಗರೇಟು ಇದಕ್ಕೆ ತಿರುಗುಮುರುಗು, ಬೆರಳಿನ ರಕ್ತನಾಳಗಳನ್ನು ಬಿಗಿಸುತ್ತದೆ. ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಡಿ. ಚಳಿಗೆ ಬ್ಯಾಟರಿ ಬೇಗ ಬೀಳುತ್ತದೆ, ಸಹಾಯಕ್ಕೆ ಕರೆಯಬೇಕಾದ ಹೊತ್ತಿಗೆ ಅದು ಸತ್ತಿರಬಾರದು.

ಜೊತೆಗಿರುವವರ ಮುಖ ನೋಡುತ್ತಿರಿ. ನಿಮ್ಮ ಮೂಗಿನ ತುದಿ ನಿಮಗೆ ಕಾಣುವುದಿಲ್ಲ, ಮರಗಟ್ಟಿದ ಮೇಲೆ ನೋವೂ ಇರುವುದಿಲ್ಲ. ಇನ್ನೊಬ್ಬರ ಕಣ್ಣೇ ಕನ್ನಡಿ. ಕೈಗೊಂದು ಸುಲಭ ಪರೀಕ್ಷೆ ಇದೆ. ಹೆಬ್ಬೆರಳಿನ ತುದಿಯಿಂದ ಅದೇ ಕೈಯ ಕಿರುಬೆರಳಿನ ತುದಿ ಮುಟ್ಟಿ ನೋಡಿ. ಮುಟ್ಟಲಾಗುತ್ತಿಲ್ಲ, ಜಿಪ್ ಹಿಡಿದರೂ ಬೆರಳಿಂದ ಜಾರುತ್ತಿದೆ, ಗುಂಡಿ ಹಾಕಲು ಆಗುತ್ತಿಲ್ಲ ಎಂದರೆ ಇನ್ನು ಮುಂದೆ ಹೋಗುವಂತಿಲ್ಲ. ಬಿಸಿ ಇರುವ ಜಾಗಕ್ಕೆ ತಿರುಗಿ.

ಹಂತ 5: ಯಾರನ್ನು ಹೆಚ್ಚು ನೋಡಿಕೊಳ್ಳಬೇಕು

ಹಸುಗೂಸುಗಳು ದೊಡ್ಡವರಂತೆ ನಡುಗಿ ಬಿಸಿ ಮಾಡಿಕೊಳ್ಳಲಾರವು. ಎತ್ತಿಕೊಂಡು ನಡೆಯುವ ನಿಮಗೆ ಸೆಖೆಯಾದರೂ ಸುಮ್ನೆ ಮಲಗಿರುವ ಮಗುವಿಗೆ ಚಳಿ ಇರುತ್ತದೆ. ಕತ್ತು, ಎದೆ ಮುಟ್ಟಿ ನೋಡಿ. ಮಕ್ಕಳು ಆಟದಲ್ಲಿ ಚಳಿಯನ್ನು ಹೇಳುವುದೇ ಇಲ್ಲ, ನೀವೇ ಕರೆದು ಕೈಕಾಲು ನೋಡಬೇಕು. ವಯಸ್ಸಾದವರಿಗೆ ಚಳಿಯ ಅರಿವು ಮಂದವಾಗಿರುತ್ತದೆ. ಮನೆಯೊಳಗೇ ಹೈಪೋಥರ್ಮಿಯಾ ಆಗುವುದು ಅವರಿಗೇ ಜಾಸ್ತಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬೆರಳು ಹೆಪ್ಪುಗಟ್ಟುತ್ತಿರುವುದು ಗೊತ್ತಾಗದೇ ಇರಬಹುದು.

ಹೃದಯದ ತೊಂದರೆ ಇರುವವರಿಗೆ ವಿಶೇಷವಾಗಿ ಹೇಳಬೇಕು. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಆಗಲೇ ಹಿಮ ಎತ್ತಿ ಹಾಕುವುದು, ಕೆಟ್ಟು ನಿಂತ ಗಾಡಿ ತಳ್ಳುವುದು ಮಾಡಿದರೆ ಹೃದಯದ ಮೇಲೆ ದುಪ್ಪಟ್ಟು ಭಾರ. ಬೇರೆಯವರನ್ನು ಕರೆಯಿರಿ. ಇದರಲ್ಲಿ ಸಂಕೋಚ ಬೇಡ.

ಹಂತ 6: ಗಾಡಿ ಅಥವಾ ಮನೆಯಲ್ಲಿ ಸಿಕ್ಕಿಕೊಂಡರೆ

ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಕಾರಿನಲ್ಲೇ ಇರಿ. ಗಾಳಿಗೆ ಅದಕ್ಕಿಂತ ಒಳ್ಳೆಯ ಮರೆ ಸಿಗುವುದು ಕಷ್ಟ, ಹುಡುಕುವವರಿಗೂ ಕಾರು ಬೇಗ ಕಾಣುತ್ತದೆ. ಎಂಜಿನ್ ಗಂಟೆಗೆ ಹತ್ತು ನಿಮಿಷದಂತೆ ಓಡಿಸಿ. ಪ್ರತಿ ಸಲ ಓಡಿಸುವ ಮೊದಲು ಹೊಗೆ ಕೊಳವೆಯ ಬಾಯಿಗೆ ಹಿಮ ತುಂಬಿಲ್ಲ ಎಂದು ನೋಡಿ, ಗಾಳಿ ಬೀಸದ ಕಡೆಯ ಕಿಟಕಿ ಸ್ವಲ್ಪ ತೆರೆದಿಡಿ.

ಇದಕ್ಕೆ ಕಾರಣ ಕಾರ್ಬನ್ ಮೊನಾಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಎಚ್ಚರವೇ ಇಲ್ಲ. ಚಳಿ ಎಂದು ಮುಚ್ಚಿದ ಕೋಣೆಯಲ್ಲಿ, ಟೆಂಟಿನಲ್ಲಿ ಇದ್ದಿಲು ಕೆಂಡ ಇಟ್ಟುಕೊಂಡು ಮಲಗಬೇಡಿ. ಜನರೇಟರನ್ನು ಮನೆಯೊಳಗೆ, ಗ್ಯಾರೇಜಿನೊಳಗೆ ಓಡಿಸಬೇಡಿ. ಹೊಗೆ ಕಾಣದಿದ್ದರೂ ಕೆಂಡ ಈ ಅನಿಲ ಬಿಡುತ್ತಲೇ ಇರುತ್ತದೆ. ದಯವಿಟ್ಟು ಇದನ್ನು ಮನೆಯ ಎಲ್ಲರಿಗೂ ಹೇಳಿ.

ಹಂತ 7: ಚರ್ಮ ಹೆಪ್ಪುಗಟ್ಟಿದರೆ

ಫ್ರಾಸ್ಟ್‌ಬೈಟ್ ಮೊದಲು ಚುಚ್ಚುತ್ತದೆ, ಉರಿಯುತ್ತದೆ. ಆಮೇಲೆ ಜೋಮು. ನೋವು ನಿಂತಿತು ಎಂದು ಸಮಾಧಾನಪಡಬೇಡಿ, ಅಪಾಯ ಶುರುವಾಗುವುದು ಆಗಲೇ. ಆ ಭಾಗ ಬಿಳಿಚಿಕೊಂಡು, ಮೇಣದಂತೆ ನುಣುಪಾಗಿ, ಮುಟ್ಟಿದರೆ ಗಟ್ಟಿಯಾಗಿರುತ್ತದೆ. ಕಂದು, ಕಪ್ಪು ಚರ್ಮದಲ್ಲಿ ಈ ಬಿಳಿಚು ಚೆನ್ನಾಗಿ ಕಾಣುವುದಿಲ್ಲ, ಬೂದಿ ಬಣ್ಣ ಮಾತ್ರ ಬರಬಹುದು. ಹಾಗಾಗಿ ನೋಡುವುದಷ್ಟೇ ಅಲ್ಲ, ಮುಟ್ಟಿ ತಿಳಿಯಬೇಕು.

ಮೊದಲು ಗಾಳಿಯಿಂದ ಒಳಗೆ ಬನ್ನಿ. ಒದ್ದೆ ಬಟ್ಟೆ, ಉಂಗುರ ತೆಗೆಯಿರಿ. ಬೆರಳು ಊದಿಕೊಂಡ ಮೇಲೆ ಉಂಗುರ ಬರುವುದಿಲ್ಲ. ಚರ್ಮ ಇನ್ನೂ ಮೆತ್ತಗಿದ್ದು ಜೋಮು ಮಾತ್ರ ಹಿಡಿದಿದ್ದರೆ ಬೆರಳನ್ನು ಕಂಕುಳಲ್ಲಿ ಇಟ್ಟುಕೊಂಡು, ಕೆನ್ನೆಗೆ ಬೆಚ್ಚಗಿನ ಅಂಗೈ ಒತ್ತಿಕೊಂಡು ಸರಿಪಡಿಸಬಹುದು. ಗಟ್ಟಿಯಾಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಕರಗಿದ ಮೇಲೆ 24 ಗಂಟೆಯೊಳಗೆ ಕೊಟ್ಟರೆ ಬೆರಳು ಉಳಿಸಬಲ್ಲ ಔಷಧಗಳು ಈಗ ಇವೆ. ‘ಬೆಳಗ್ಗೆ ನೋಡೋಣ’ ಎನ್ನಬೇಡಿ.

ಆಸ್ಪತ್ರೆ ದೂರವಿದ್ದು, ಮತ್ತೆ ಹೆಪ್ಪುಗಟ್ಟುವ ಸಂಭವ ಇಲ್ಲ ಎಂದು ಖಚಿತವಿದ್ದರೆ ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ. ನೀರಿನ ಬಿಸಿ 37ರಿಂದ 39 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಚಳಿ ಹಿಡಿಯದ ಇನ್ನೊಬ್ಬರು ಮೊಣಕೈ ಅದ್ದಿ ನೋಡಲಿ. ಜೋಮು ಹಿಡಿದ ಕೈಗೆ ಸುಟ್ಟರೂ ಗೊತ್ತಾಗುವುದಿಲ್ಲ. ನೀರು ಆರುತ್ತಿದ್ದಂತೆ ಬಿಸಿ ನೀರು ಸೇರಿಸುತ್ತಾ ಅರ್ಧ ಗಂಟೆಯವರೆಗೂ ಇಡಬೇಕಾಗಬಹುದು, ಚರ್ಮ ಮೆತ್ತಗಾಗಿ ಬಣ್ಣ ಬರುವ ತನಕ. ತುಂಬಾ ನೋವಾಗುತ್ತದೆ. ಬೆರಳುಗಳ ನಡುವೆ ಒಣ ಬಟ್ಟೆ ಇಟ್ಟು ಸಡಿಲವಾಗಿ ಸುತ್ತಿ. ಗುಳ್ಳೆ ಒಡೆಯಬೇಡಿ. ಕರಗಿದ ಕಾಲಿನ ಮೇಲೆ ನಡೆಯಬೇಡಿ.

ಉಜ್ಜಲೇಬಾರದು. ಹಿಮದಿಂದಂತೂ ಬೇಡವೇ ಬೇಡ. ಹಿಮದಿಂದ ಉಜ್ಜುವ ಸಲಹೆ 1812ರಲ್ಲಿ ಮಾಸ್ಕೋದಿಂದ ಹಿಂದಿರುಗುತ್ತಿದ್ದ ನೆಪೋಲಿಯನ್ ಸೈನ್ಯದ ಕಾಲದಿಂದ ಬಂದದ್ದು. ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ, ರಾತ್ರಿ ಬೆಂಕಿಗೆ ಕಾಲೊಡ್ಡಿದ ಸೈನಿಕರ ಕಾಲು ಮರುದಿನ ನಡೆಯುವಾಗ ಮತ್ತೆ ಹೆಪ್ಪುಗಟ್ಟಿ ಹಾಳಾಗುವುದನ್ನು ನೋಡಿದ್ದ. ಬಿಸಿಯೇ ಕಾರಣ ಎಂದುಕೊಂಡು ಹಿಮದಿಂದ ಉಜ್ಜಿ ನಿಧಾನ ಕರಗಿಸಿ ಎಂದ. ಅವನು ಕಂಡದ್ದು ಸರಿ, ಕರಗಿದ್ದು ಮತ್ತೆ ಹೆಪ್ಪುಗಟ್ಟಿದರೆ ಹಾನಿ ದುಪ್ಪಟ್ಟು. ಉಜ್ಜುವುದು ಮಾತ್ರ ತಪ್ಪು. ಚರ್ಮದೊಳಗಿನ ಐಸ್ ಹರಳುಗಳು ಮಾಂಸವನ್ನು ಕೊಯ್ಯುತ್ತವೆ. ಒಂದೂವರೆ ಶತಮಾನ ಜನ ಇದನ್ನೇ ಮಾಡಿದರು, ಈಗಲೂ ಕೆಲವರು ಹೇಳುತ್ತಾರೆ. ಕೇಳಬೇಡಿ.

ಹಂತ 8: ಮೈಕಾವು ಕುಸಿದರೆ

ಮೈಯೊಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗೆ ಬಂದರೆ ಹೈಪೋಥರ್ಮಿಯಾ. ಮೊದಲು ಜೋರು ನಡುಕ. ಆಮೇಲೆ ನಾಲಿಗೆ ತೊದಲುತ್ತದೆ, ಕಾಲು ಎಡವುತ್ತದೆ, ಕೈಲಿದ್ದದ್ದು ಬೀಳುತ್ತದೆ. ಮನುಷ್ಯ ಸಿಡುಕುತ್ತಾನೆ ಅಥವಾ ಮಂಕಾಗುತ್ತಾನೆ. ‘ನನಗೇನೂ ಆಗಿಲ್ಲ, ಬಿಡಿ’ ಎನ್ನುತ್ತಾನೆ. ಈ ಮಾತನ್ನು ನಂಬಬೇಡಿ, ಮೊದಲು ಮಂಕಾಗುವುದು ಬುದ್ಧಿಯೇ. ಒಳಗಿನ ಕಾವು ಸುಮಾರು 32 ಡಿಗ್ರಿಗೆ ಇಳಿದರೆ ನಡುಕ ನಿಲ್ಲುತ್ತದೆ. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ತುರ್ತುಸ್ಥಿತಿ. ಕೆಲವರು ಆ ಹಂತದಲ್ಲಿ ಸೆಖೆ ಎಂದು ಬಟ್ಟೆ ಕಿತ್ತೊಗೆಯುವುದೂ ಉಂಟು.

ತಕ್ಷಣ ಆಂಬುಲೆನ್ಸ್ ಕರೆಯಿರಿ. ಗಾಳಿಯಿಂದ ಮರೆಗೆ ತನ್ನಿ, ಮಲಗಿಸಿ. ನೆಲಕ್ಕೂ ಮೈಗೂ ನಡುವೆ ಏನಾದರೂ ಹಾಸಿ, ತಣ್ಣನೆಯ ನೆಲ ಬಿಸಿಯನ್ನು ಕೆಳಗಿಂದ ಹೀರುತ್ತದೆ. ಒದ್ದೆ ಬಟ್ಟೆಯನ್ನು ಎಳೆದಾಡದೆ, ಬೇಕಾದರೆ ಕತ್ತರಿಸಿ ತೆಗೆಯಿರಿ. ಒಣ ಕಂಬಳಿ ಸುತ್ತಿ, ಅದರ ಮೇಲೆ ಗಾಳಿ ತಡೆಯುವ ಪ್ಲಾಸ್ಟಿಕ್ ಹಾಳೆ. ಬಿಸಿ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ, ಕಂಕುಳಿಗೆ ಇಡಿ. ಕೈಕಾಲಿಗೆ ಬೇಡ. ಪೂರ್ತಿ ಎಚ್ಚರವಿದ್ದು ನುಂಗಬಲ್ಲರಾದರೆ ಸಿಹಿಯಾದ ಬೆಚ್ಚನೆಯ ಪಾನೀಯ ಕೊಡಿ. ಎಚ್ಚರ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕಬೇಡಿ. ಕೈಕಾಲು ತಿಕ್ಕುವುದು, ಎಬ್ಬಿಸಿ ನಡೆಸುವುದು, ಬಿಸಿ ನೀರಿನ ತೊಟ್ಟಿಗೆ ಇಳಿಸುವುದು ಬೇಡ. ಇಷ್ಟು ತಣ್ಣಗಾದ ಹೃದಯ ಸಣ್ಣ ಅಲುಗಾಟಕ್ಕೂ ಲಯ ತಪ್ಪಬಹುದು. ಮೆಲ್ಲಗೆ ಎತ್ತಿ, ಮಲಗಿದಂತೆಯೇ ಸಾಗಿಸಿ.

ಉಸಿರು, ನಾಡಿ ಸಿಗುತ್ತಿಲ್ಲ ಎಂದು ಕೈಚೆಲ್ಲಬೇಡಿ. ತಣ್ಣಗಾದ ಮೈಯಲ್ಲಿ ಅವು ಬಹಳ ನಿಧಾನ, ಬಹಳ ಸಣ್ಣ. ಒಂದು ನಿಮಿಷದವರೆಗೂ ನೋಡಿ. ಇಲ್ಲವೆಂದಾದರೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದನ್ನು, ಶುರು ಮಾಡಿ. 1999ರಲ್ಲಿ ನಾರ್ವೆಯಲ್ಲಿ ಸ್ಕೀಯಿಂಗ್ ಮಾಡುತ್ತಿದ್ದ ಒಬ್ಬ ವೈದ್ಯೆ ಐಸಿನ ಕೆಳಗಿನ ತೊರೆಯಲ್ಲಿ 80 ನಿಮಿಷ ಸಿಕ್ಕಿಕೊಂಡಿದ್ದರು. ಅವರ ಮೈಕಾವು 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಜೊತೆಗಿದ್ದವರು, ರಕ್ಷಣಾ ತಂಡದವರು ಸಿಪಿಆರ್ ನಿಲ್ಲಿಸಲಿಲ್ಲ. ಆಸ್ಪತ್ರೆಯಲ್ಲಿ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಬಿಸಿ ಮಾಡಿದರು. ಅವರು ಬದುಕಿದರು, ಮುಂದೆ ವೈದ್ಯೆಯಾಗಿ ಕೆಲಸಕ್ಕೂ ಮರಳಿದರು. ಚಳಿಗೆ ಮಿದುಳಿನ ಕೆಲಸ ನಿಧಾನವಾಗಿ ಅದಕ್ಕೆ ಬೇಕಾಗುವ ಆಮ್ಲಜನಕ ಕಡಿಮೆಯಾಗುವುದೇ ಇದಕ್ಕೆ ಕಾರಣ. ಹಾಗಾಗಿ ಸಹಾಯ ಬರುವ ತನಕ ಸರದಿಯ ಮೇಲೆ ಸಿಪಿಆರ್ ಮಾಡುತ್ತಿರಿ. ಫೋನಿನಲ್ಲಿ ಆಂಬುಲೆನ್ಸಿನವರಿಗೆ ಮೂರು ವಿಷಯ ಹೇಳಿ: ಎಷ್ಟು ಹೊತ್ತು ಚಳಿಯಲ್ಲಿದ್ದರು, ಮೈ ಒದ್ದೆಯಾಗಿತ್ತೇ, ಈಗ ನಡುಗುತ್ತಿದ್ದಾರೆಯೇ ಇಲ್ಲವೇ.